ಬಾಣಸವಾಡಿ ರೂಮಿನಲ್ಲಿ ಓಡುವ ವಿಡಿಯೊ ತೋಟದಲ್ಲಿ ಯಾಕೆ ನಿಲ್ಲುತ್ತೆ?

ಕೋಲಾರ, ಮಾಲೂರು, ಚಿಂತಾಮಣಿ, ಹೊಸಕೋಟೆ ಕಡೆಯ ಎಷ್ಟೋ ಯುವಕರಿಗೆ ಈಗ ಎರಡು ಮನೆ. ಊರಲ್ಲಿ ಟೊಮೆಟೊ ಅಥವಾ ಹಿಪ್ಪುನೇರಳೆ ತೋಟ, ಬೆಂಗಳೂರಿನ ಬಾಣಸವಾಡಿ, ಕಮ್ಮನಹಳ್ಳಿ, ಕೆ.ಆರ್. ಪುರದ ಕಡೆ ಒಂದು ಬಾಡಿಗೆ ರೂಮು. ವಾರವಿಡೀ ಅಲ್ಲಿ ಕೆಲಸ, ಶನಿವಾರ ಊರಿಗೆ ಬಸ್ಸು. ಇಂಥವರೆಲ್ಲ ಗಮನಿಸಿರುವ ಒಂದು ಸಂಗತಿ ಇದೆ. ಟೊಮೆಟೊ ಅಂಗಮಾರಿ ರೋಗದ ಬಗ್ಗೆ ಹತ್ತು ನಿಮಿಷದ ಒಂದು ವಿಡಿಯೊ ರೂಮಿನ ವೈಫೈನಲ್ಲಿ ಒತ್ತಿದ ತಕ್ಷಣ ಓಡುತ್ತೆ. ಅದೇ ಫೋನು, ಅದೇ ವಿಡಿಯೊ, ತೋಟದ ಬದುವಿನಲ್ಲಿ ನಿಂತು ತೆಗೆದರೆ ಚಕ್ರ ಗಿರಗಿರ ತಿರುಗ್ತಾ ಕೂರುತ್ತೆ. ಅಷ್ಟರಲ್ಲಿ ದಿನದ ಡೇಟಾ ಮುಗಿದಿರುತ್ತೆ.

"ನಮ್ಮ ಕಡೆ ನೆಟ್‌ವರ್ಕ್ ಸರಿಯಿಲ್ಲ" ಅಂತ ಹೇಳಿ ಸುಮ್ಮನಾಗ್ತೀವಿ. ಅದು ನಿಜ, ಆದರೆ ಅರ್ಧ ನಿಜ. ಇಷ್ಟು ದೊಡ್ಡ ವಿಡಿಯೊಗಳನ್ನು ಇಂಟರ್ನೆಟ್ ಕಂಪನಿಗಳು ಲಕ್ಷಾಂತರ ಜನರಿಗೆ ಹೇಗೆ ತಲುಪಿಸುತ್ತವೆ ಅಂತ ಗೊತ್ತಾದರೆ, ತಡೆ ಎಲ್ಲಿದೆ ಅನ್ನೋದೂ ಗೊತ್ತಾಗುತ್ತೆ. ಅವರು ದುಡ್ಡು ಉಳಿಸೋಕೆ ಬಳಸುವ ಉಪಾಯಗಳಲ್ಲಿ ಕೆಲವನ್ನು ನಾವೂ ನಮ್ಮ ಹಳ್ಳಿಯಲ್ಲಿ ಬಳಸಬಹುದು. ಈ ವಾರ ಅದರ ಲೆಕ್ಕ ನೋಡೋಣ.

ಒಂದು ವಿಡಿಯೊ ಎಷ್ಟು ಭಾರ?

ಮೊದಲು ತೂಕ ಹಾಕೋಣ. ಒಳ್ಳೆ ಸ್ಪಷ್ಟತೆಯ, ಅಂದರೆ 1080 ಪಿ ವಿಡಿಯೊಗೆ ಸೆಕೆಂಡಿಗೆ ಸುಮಾರು 5 ಎಂಬಿಪಿಎಸ್ ವೇಗ ಇರಲಿ ಅಂತ ನೆಟ್‌ಫ್ಲಿಕ್ಸ್ ಹೇಳುತ್ತೆ. 4ಕೆ ಆದರೆ 15 ಎಂಬಿಪಿಎಸ್. 5 ಎಂಬಿಪಿಎಸ್ ಲೆಕ್ಕದಲ್ಲಿ ಹತ್ತು ನಿಮಿಷದ ವಿಡಿಯೊ ಅಂದರೆ 375 ಎಂಬಿ. ಎರಡು ಗಂಟೆಯ ಸಿನಿಮಾ 4.5 ಜಿಬಿ.

ಬಾಣಸವಾಡಿಯಂಥ ಒಂದೇ ಬಡಾವಣೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಸಾವಿರ ಮನೆ ಒಂದೇ ಸಿನಿಮಾ ನೋಡಿದರು ಅಂದುಕೊಳ್ಳಿ. 4,500 ಜಿಬಿ ಆಯಿತು. ಅಷ್ಟನ್ನೂ ವಿದೇಶದ ಸರ್ವರ್‌ನಿಂದ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ತರಬೇಕಾದರೆ? ಸಮುದ್ರದ ತಳದಲ್ಲಿ ಹಾಕಿರುವ ಕೇಬಲ್‌ಗಳು ಮುಖ್ಯವಾಗಿ ಮುಂಬೈ ಮತ್ತು ಚೆನ್ನೈನಲ್ಲಿ ದಡ ಸೇರುತ್ತವೆ. ಅಲ್ಲಿಂದ ಬೆಂಗಳೂರಿಗೆ ಚೆನ್ನೈ ಕಡೆಯಿಂದ ಸುಮಾರು 350 ಕಿ.ಮೀ., ಮುಂಬೈ ಕಡೆಯಿಂದ ಸಾವಿರ ಕಿ.ಮೀ. ಹತ್ತಿರ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತೆ, ಹಾಗಾಗಿ ಬರೀ ದೂರದಿಂದ ಆಗುವ ತಡ ಕಣ್ಣಿಗೆ ಕಾಣುವಷ್ಟಿಲ್ಲ. ತೊಂದರೆ ಇರೋದು ದಾರಿಯ ಅಗಲದಲ್ಲಿ. ಒಂದೇ ಸರಕನ್ನು ಸಾವಿರ ಸಲ ಅದೇ ದಾರಿಯಲ್ಲಿ ಸಾಗಿಸಿದರೆ ದಾರಿ ಕಟ್ಟಿಕೊಳ್ಳುತ್ತೆ, ಬಾಡಿಗೆಯೂ ಏರುತ್ತೆ.

ಕೆರೆ ತುಂಬಿಸುವ ಉಪಾಯ

ಕೋಲಾರದ ರೈತರಿಗೆ ಇದರ ಉತ್ತರ ಬೇಗ ಅರ್ಥ ಆಗುತ್ತೆ. 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಒಬ್ಬೊಬ್ಬ ರೈತನ ಹೊಲಕ್ಕೂ ಬೆಂಗಳೂರಿನಿಂದ ಒಂದೊಂದು ಪೈಪ್ ಎಳೆಯಲಿಲ್ಲ. ದೊಡ್ಡ ಪೈಪಿನಲ್ಲಿ ತಂದು ಕೆರೆ ತುಂಬಿಸಿದರು, ಅಂತರ್ಜಲ ಏರಿತು, ಅವರವರ ಬೋರ್‌ವೆಲ್‌ನಿಂದ ಅವರವರು ಎತ್ತಿಕೊಂಡರು.

ಇಂಟರ್ನೆಟ್‌ನಲ್ಲೂ ಇದೇ ಕ್ರಮ. ಹೆಚ್ಚು ಜನ ನೋಡುವ ವಿಡಿಯೊಗಳ ಒಂದೊಂದು ಪ್ರತಿಯನ್ನು ಬೆಂಗಳೂರಿನಲ್ಲೇ, ಇಂಟರ್ನೆಟ್ ಕಂಪನಿಯ ಜಾಗದಲ್ಲೇ ಇಟ್ಟುಕೊಳ್ತಾರೆ. ಇದಕ್ಕೆ ಕ್ಯಾಶ್ ಅಂತ ಹೆಸರು. ದುಡ್ಡಿನ ಕ್ಯಾಶ್ ಅಲ್ಲ, ಬಚ್ಚಿಟ್ಟ ದಾಸ್ತಾನು ಅನ್ನುವ ಅರ್ಥ. ಇಂಥ ದಾಸ್ತಾನುಗಳನ್ನು ಊರೂರಿಗೆ ಹರಡಿ ನಡೆಸುವ ಜಾಲಕ್ಕೆ ಸಿಡಿಎನ್ ಅಂತಾರೆ. ನೀವು ವಿಡಿಯೊ ಒತ್ತಿದಾಗ ನಿಮಗೆ ಹತ್ತಿರದ ಯಾವ ದಾಸ್ತಾನಿನಲ್ಲಿ ಅದು ಇದೆ ಅಂತ ಹುಡುಕಿ ಅಲ್ಲಿಂದ ಕೊಡ್ತಾರೆ. ಮೇಲಿನ ಲೆಕ್ಕದಲ್ಲಿ 4,500 ಜಿಬಿ ಬದಲು 4.5 ಜಿಬಿ ಒಂದು ಸಲ ದೂರದಿಂದ ಬಂದರೆ ಸಾಕು. ಉಳಿದದ್ದೆಲ್ಲ ಊರೊಳಗಿನ ಓಡಾಟ.

ನೆಟ್‌ಫ್ಲಿಕ್ಸ್ 2012ರಲ್ಲಿ ಓಪನ್ ಕನೆಕ್ಟ್ ಹೆಸರಿನ ತನ್ನದೇ ಜಾಲ ಪ್ರಕಟಿಸಿತು. ಸಾಕಷ್ಟು ಗಿರಾಕಿಗಳಿರುವ ಇಂಟರ್ನೆಟ್ ಕಂಪನಿಗಳಿಗೆ ವಿಡಿಯೊ ತುಂಬಿದ ಸರ್ವರ್ ಪೆಟ್ಟಿಗೆಗಳನ್ನು ಅದು ಉಚಿತವಾಗಿಯೇ ಕೊಡುತ್ತೆ. ಯೂಟ್ಯೂಬ್‌ಗಾಗಿ ಗೂಗಲ್ ಕೂಡ ಇಂಥದ್ದೇ ಪೆಟ್ಟಿಗೆ ಇಡುತ್ತೆ, ಅದಕ್ಕೆ ಗೂಗಲ್ ಗ್ಲೋಬಲ್ ಕ್ಯಾಶ್ ಅಂತಾರೆ. ಉಚಿತ ಯಾಕೆ? ಎರಡೂ ಕಡೆಯವರಿಗೆ ಉಳಿತಾಯ. ವಿಡಿಯೊ ಕಂಪನಿಗೆ ಗಿರಾಕಿ ಬೈಯೋದಿಲ್ಲ, ಇಂಟರ್ನೆಟ್ ಕಂಪನಿಗೆ ದೂರದ ದಾರಿಯ ಬಾಡಿಗೆ ಉಳಿಯುತ್ತೆ.

ಇಂಟರ್ನೆಟ್ ಕಂಪನಿ ತಾನೇ ಪ್ರತಿ ಮಾಡಿಟ್ಟುಕೊಳ್ಳಬಹುದಲ್ಲ ಅನ್ನಬಹುದು. ಹಿಂದೆ ಒಂದಷ್ಟು ಹಾಗೆ ಮಾಡ್ತಿದ್ದರು. ಈಗ ವಿಡಿಯೊಗಳೆಲ್ಲ ಗುಪ್ತಲಿಪಿಯಲ್ಲಿ, ಬೀಗ ಹಾಕಿದ ಪೆಟ್ಟಿಗೆಯ ಹಾಗೆ ಬರುತ್ತವೆ. ಒಳಗೇನಿದೆ ಅಂತ ದಾರಿಯಲ್ಲಿರುವವರಿಗೆ ಕಾಣೋದಿಲ್ಲ. ಆದ್ದರಿಂದ ಮಾಲೀಕರ ಪೆಟ್ಟಿಗೆಯೇ ಬಂದು ಕೂರಬೇಕು.

ರಾತ್ರಿ ತುಂಬಿಸು, ಸಂಜೆ ಹರಿಸು

ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟು ರಾತ್ರಿ ಬಂದಾಗ ಎದ್ದು ಹೋಗಿ ಕೃಷಿ ಹೊಂಡ ತುಂಬಿಸಿಕೊಳ್ಳುವುದು ನಮಗೆ ಹೊಸದಲ್ಲ. ವಿಡಿಯೊ ಕಂಪನಿಗಳೂ ಅದನ್ನೇ ಮಾಡುತ್ತವೆ. ಸಂಜೆ 7ರಿಂದ 11 ಗಂಟೆವರೆಗೆ ಜಾಲದ ಮೇಲೆ ಹೆಚ್ಚು ಒತ್ತಡ. ಬೆಳಗಿನ ಜಾವ ದಾರಿ ಖಾಲಿ. ನಾಳೆ ಈ ಊರಿನ ಜನ ಏನು ನೋಡಬಹುದು ಅಂತ ಮೊದಲೇ ಅಂದಾಜು ಮಾಡಿ, ಜನ ಮಲಗಿದ ಹೊತ್ತಿನಲ್ಲಿ ಪೆಟ್ಟಿಗೆಗಳಿಗೆ ಹೊಸ ಸಿನಿಮಾ, ಧಾರಾವಾಹಿ ತುಂಬುತ್ತಾರೆ. ಸಂಜೆ ಕೇಳಿದಾಗ ಅಲ್ಲೇ ಸಿದ್ಧ.

ಇನ್ನೊಂದು ಉಪಾಯ ಹನಿ ನೀರಾವರಿಯ ಹಾಗೆ. ಒಂದೇ ವಿಡಿಯೊವನ್ನು 240, 360, 480, 720, 1080 ಪಿ ಹೀಗೆ ಹಲವು ಅಳತೆಯಲ್ಲಿ ಮಾಡಿ, ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಇಟ್ಟಿರ್ತಾರೆ. ನಿಮ್ಮ ಸಿಗ್ನಲ್ ಎಷ್ಟು ತಡೆಯುತ್ತೋ ಅಷ್ಟರ ತುಂಡು ಬರುತ್ತೆ. ವಿಡಿಯೊ ನಡುವೆ ಒಮ್ಮೆ ಮಸುಕಾಗಿ ಮತ್ತೆ ಸ್ಪಷ್ಟ ಆಗೋದು ಇದಕ್ಕೇ. ಜೊತೆಗೆ ವಿಡಿಯೊ ಹಿಂಡುವ ವಿಧಾನವೂ ಸುಧಾರಿಸುತ್ತಿದೆ. 2003ರ ಎಚ್.264, 2013ರ ಎಚ್‌ಇವಿಸಿ, 2018ರ ಎವಿ1 ಒಂದಕ್ಕಿಂತ ಒಂದು ಕಡಿಮೆ ಡೇಟಾದಲ್ಲಿ ಅದೇ ಚಿತ್ರ ಕೊಡುತ್ತವೆ.

ಲೈವ್ ಪಂದ್ಯಕ್ಕೆ ಮಾತ್ರ ರಾತ್ರಿ ತುಂಬಿಸುವ ಉಪಾಯ ನಡೆಯೋದಿಲ್ಲ, ಇನ್ನೂ ಎಸೆಯದ ಚೆಂಡನ್ನು ದಾಸ್ತಾನು ಇಡೋಕಾಗಲ್ಲ. ಅಲ್ಲಿ ಹತ್ತಿರದ ಸರ್ವರ್ ಒಂದು ಧಾರೆ ಪಡೆದು ಅದನ್ನೇ ಸಾವಿರಾರು ಜನರಿಗೆ ಹಂಚುತ್ತೆ. 2019ರ ವಿಶ್ವಕಪ್‌ನಲ್ಲಿ ಭಾರತ–ನ್ಯೂಜಿಲೆಂಡ್ ಸೆಮಿಫೈನಲ್ ಅನ್ನು ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 2.5 ಕೋಟಿ ಜನ ನೋಡಿದ್ದರು. 2023ರ ಫೈನಲ್‌ಗೆ ಆ ಸಂಖ್ಯೆ 5.9 ಕೋಟಿ ಮುಟ್ಟಿತು. ಒಂದೇ ಜಾಗದಿಂದ ಅಷ್ಟು ಜನರಿಗೆ ಕೊಡೋಕೆ ಹೋಗಿದ್ದರೆ ಮೊದಲ ಓವರ್‌ಗೇ ಎಲ್ಲ ಕುಸಿಯುತ್ತಿತ್ತು.

ಪಕ್ಕದೂರಿಗೆ ಹೋಗೋಕೆ ದೂರದ ದಾರಿ ಬೇಡ

ಹಿಂದೆ ಒಂದು ವಿಚಿತ್ರ ಇತ್ತು. ನಿಮ್ಮದೊಂದು ಕಂಪನಿಯ ಇಂಟರ್ನೆಟ್, ಪಕ್ಕದ ಮನೆಯವರದ್ದು ಇನ್ನೊಂದು. ನೀವು ಅವರಿಗೆ ಕಳಿಸಿದ ಸಂದೇಶ ಎಷ್ಟೋ ಸಲ ವಿದೇಶಕ್ಕೆ ಹೋಗಿ ವಾಪಸ್ ಬರುತ್ತಿತ್ತು, ಯಾಕೆಂದರೆ ಎರಡು ಕಂಪನಿಗಳ ನಡುವೆ ಇಲ್ಲಿ ನೇರ ದಾರಿ ಇರಲಿಲ್ಲ. ಇದಕ್ಕೆ ಪರಿಹಾರವಾಗಿ 2003ರಲ್ಲಿ ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಶುರುವಾಯಿತು. ಕಂಪನಿಗಳು ಬಂದು ತಮ್ಮ ತಂತಿ ಜೋಡಿಸಿಕೊಳ್ಳುವ ಸಂತೆ ಮಾಳ ಅನ್ನಿ. ಬೆಂಗಳೂರಿನಲ್ಲೂ ಅದರ ಕೇಂದ್ರ ಇದೆ. ಇಂಥ ಕಡೆ ಎಲ್ಲರೂ ಸೇರಿದಷ್ಟೂ ಒಳನಾಡಿನ ಸರಕು ಒಳನಾಡಿನಲ್ಲೇ ಓಡಾಡುತ್ತೆ.

ಇಷ್ಟೆಲ್ಲ ಕೇಳಿದಾಗ ಒಂದು ಅನುಮಾನ ಬರಬೇಕು. ದೊಡ್ಡ ಕಂಪನಿಯ ಪೆಟ್ಟಿಗೆ ಹತ್ತಿರ ಕೂತರೆ ಸಣ್ಣವರಿಗೆ ಅನ್ಯಾಯ ಅಲ್ವಾ? 2015ರಲ್ಲಿ ನೆಟ್ ನ್ಯೂಟ್ರಾಲಿಟಿ ಅಂತ ದೇಶದಲ್ಲೆಲ್ಲ ಚರ್ಚೆ ನಡೆದದ್ದು ನೆನಪಿರಬಹುದು. ಕೆಲವು ಆ್ಯಪ್‌ಗೆ ಡೇಟಾ ಉಚಿತ, ಉಳಿದದ್ದಕ್ಕೆ ದುಡ್ಡು ಅನ್ನುವ ದರಪಟ್ಟಿಯನ್ನು ಟ್ರಾಯ್ 8 ಫೆಬ್ರುವರಿ 2016ರಂದು ನಿಷೇಧಿಸಿತು. ಆದರೆ 2017ರ ನವೆಂಬರ್‌ನಲ್ಲಿ ಕೊಟ್ಟ ಶಿಫಾರಸಿನಲ್ಲಿ ಸಿಡಿಎನ್‌ಗಳನ್ನು ಆ ನಿಯಮದ ಹೊರಗಿಟ್ಟಿತು. ಹತ್ತಿರದಲ್ಲಿ ದಾಸ್ತಾನು ಇಟ್ಟರೆ ಬೇರೆಯವರ ಸರಕನ್ನು ದಾರಿಯಲ್ಲಿ ತಡೆದ ಹಾಗಲ್ಲ ಅನ್ನುವುದು ಇದರ ಹಿಂದಿನ ವಾದ. ಅದು ಸರಿ. ಆದರೂ ಪೆಟ್ಟಿಗೆ ಇಡುವ ಶಕ್ತಿ ಇರುವವರ ವಿಡಿಯೊ ಬೇಗ ಬರುತ್ತೆ ಅನ್ನೋದೂ ಸುಳ್ಳಲ್ಲ.

ಕಾಲುವೆಯ ಕೊನೆಯಲ್ಲಿರುವವರ ಕಥೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬಾಣಸವಾಡಿ ಮನೆಗೆ ಫೈಬರ್ ಬರುವುದು ಹೀಗೆ: ಕಂಪನಿಯ ಕೇಂದ್ರದಿಂದ ಒಂದು ಗಾಜಿನ ಎಳೆ ಬೀದಿಗೆ ಬರುತ್ತೆ. ಅಲ್ಲಿ ಒಂದು ಪುಟ್ಟ ಡಬ್ಬಿಯಲ್ಲಿ ಅದು 32 ಅಥವಾ 64 ಮನೆಗಳಿಗೆ ಕವಲೊಡೆಯುತ್ತೆ. ಜಿಪಾನ್ ಅನ್ನುವ ಈ ಪದ್ಧತಿಯಲ್ಲಿ ಆ ಮನೆಗಳೆಲ್ಲ ಸೇರಿ ಹಂಚಿಕೊಳ್ಳುವುದು ಸುಮಾರು 2.5 ಜಿಬಿಪಿಎಸ್. 32 ಮನೆಯೂ ಒಟ್ಟಿಗೇ 4ಕೆ ಸಿನಿಮಾ ನೋಡಿದರೂ 480 ಎಂಬಿಪಿಎಸ್, ಅಂದರೆ ಐದನೇ ಒಂದು ಭಾಗ ಕೂಡ ಆಗಲ್ಲ. ವಿಡಿಯೊ ದಾಸ್ತಾನು ಅದೇ ನಗರದಲ್ಲಿ. ಕೆರೆಯೂ ಹತ್ತಿರ, ಕಾಲುವೆಯೂ ಅಗಲ.

ತೋಟದಲ್ಲಿ ನಿಮಗೆ ಸಿಗೋದು ಮೊಬೈಲ್ ಟವರ್. ಆ ಟವರ್‌ನ ಸಾಮರ್ಥ್ಯವನ್ನು ಸುತ್ತಲಿನ ಹಳ್ಳಿಗಳವರೆಲ್ಲ ಹಂಚಿಕೊಳ್ಳಬೇಕು. ದೂರ ಹೋದಷ್ಟೂ, ತೆಂಗು–ಮಾವಿನ ಮರ ಅಡ್ಡ ಬಂದಷ್ಟೂ ಸಿಗ್ನಲ್ ಇಳಿಯುತ್ತೆ. ಕೆಲವು ಟವರ್‌ಗಳಿಗೆ ಫೈಬರ್ ಬದಲು ಗಾಳಿಯಲ್ಲೇ ಮೈಕ್ರೋವೇವ್ ಸಂಪರ್ಕ. ಕಂಪನಿಯ ದಾಸ್ತಾನು ಬೆಂಗಳೂರಿನಲ್ಲಿ ತುಂಬಿ ತುಳುಕುತ್ತಿದ್ದರೂ ನಿಮಗೆ ಪ್ರಯೋಜನ ಅಷ್ಟಕ್ಕಷ್ಟೇ. ತುಂಗಭದ್ರಾ ಕಾಲುವೆಯ ಕೊನೆ ಭಾಗದ ರೈತರನ್ನು ಕೇಳಿ ನೋಡಿ, ಜಲಾಶಯ ತುಂಬಿದೆ ಅನ್ನುವ ಸುದ್ದಿ ಅವರ ಗದ್ದೆಗೆ ನೀರಾಗೋದಿಲ್ಲ. ಕ್ಯಾಶ್ ದೂರದ ದಾರಿಯ ಸಮಸ್ಯೆ ಬಗೆಹರಿಸುತ್ತೆ, ಕೊನೆಯ ದಾರಿಯದ್ದಲ್ಲ.

ತಾಲ್ಲೂಕು ಮಟ್ಟದ ಸಣ್ಣ ಕೇಬಲ್ ಇಂಟರ್ನೆಟ್‌ನವರಿಗೆ ಇನ್ನೊಂದು ಕಷ್ಟ. ಉಚಿತ ಪೆಟ್ಟಿಗೆ ಸಿಗಬೇಕಾದರೆ ಇಂತಿಷ್ಟು ಬಳಕೆ ಇರಬೇಕು. ಅಷ್ಟು ಗಿರಾಕಿಗಳಿಲ್ಲದವರು ದೊಡ್ಡ ಕಂಪನಿಯಿಂದ ಸಗಟಾಗಿ ಕೊಂಡು ಹಂಚಬೇಕು.

ನಮ್ಮ ಕನ್ನಡ ಕೃಷಿ ವಿಡಿಯೊ ಎಲ್ಲಿರುತ್ತೆ?

ಇಲ್ಲಿ ಯುವ ರೈತರು ಗಮನಿಸಬೇಕಾದ ಮಾತಿದೆ. ಕ್ಯಾಶ್‌ನಲ್ಲಿ ಜಾಗ ಸಿಗೋದು ಜನ ಹೆಚ್ಚು ಕೇಳುವ ಸರಕಿಗೆ. ಹೊಸ ಸಿನಿಮಾ ಹಾಡು ಅಲ್ಲಿ ಇದ್ದೇ ಇರುತ್ತೆ. ರೇಷ್ಮೆ ಹುಳುವಿನ ಸಪ್ಪೆ ರೋಗದ ಬಗ್ಗೆ ಮುನ್ನೂರು ಜನ ನೋಡಿದ ಕನ್ನಡ ವಿಡಿಯೊ ಅಲ್ಲಿ ಇರೋ ಸಾಧ್ಯತೆ ಕಡಿಮೆ. ಅದು ಇನ್ನೂ ದೂರದ ದೊಡ್ಡ ದಾಸ್ತಾನಿನಿಂದ ಬರಬೇಕು. ಅಂದರೆ ನಮಗೆ ತುರ್ತಾಗಿ ಬೇಕಾದದ್ದೇ ನಮ್ಮಿಂದ ದೂರ.

ಇದಕ್ಕೆ ಯಾರೂ ಸಂಚು ಮಾಡಿಲ್ಲ, ಲೆಕ್ಕವೇ ಹಾಗಿದೆ. ಆದರೆ ಲೆಕ್ಕ ಗೊತ್ತಾದಮೇಲೆ ಒಂದು ದಾರಿ ಕಾಣುತ್ತೆ. ಬೆಂಗಳೂರಿನ ಪೆಟ್ಟಿಗೆಯಲ್ಲಿ ಜಾಗ ಸಿಗದಿದ್ದರೆ ನಮ್ಮೂರಲ್ಲೇ ಒಂದು ಸಣ್ಣ ಪೆಟ್ಟಿಗೆ ಮಾಡಿಕೊಳ್ಳಬಹುದು. ಅದನ್ನು ಕೊನೆಯಲ್ಲಿ ಹೇಳ್ತೀನಿ.

ಒಂದೇ ಸಲ, ಎಲ್ಲರಿಗೂ

ಒಬ್ಬೊಬ್ಬರಿಗೂ ಬೇರೆ ಬೇರೆ ಕಳಿಸುವ ಬದಲು ಒಂದೇ ಸಲ ಎಲ್ಲರಿಗೂ ಬಿತ್ತುವ ಪದ್ಧತಿ ನಮ್ಮ ರಾಜ್ಯಕ್ಕೆ ಹಳೆಯದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಸೈಟ್ ಅನ್ನುವ ಪ್ರಯೋಗ ನಡೆಯಿತು. ಅಮೆರಿಕದ ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಕಳಿಸಿದರು. ಕರ್ನಾಟಕದಲ್ಲಿ ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಇದರಲ್ಲಿದ್ದವು. ಕೃಷಿ, ಆರೋಗ್ಯ, ಮಕ್ಕಳ ಪಾಠ ಎಲ್ಲ ಇತ್ತು. ಹತ್ತು ಹಳ್ಳಿ ನೋಡಲಿ, ಸಾವಿರ ಹಳ್ಳಿ ನೋಡಲಿ, ಉಪಗ್ರಹಕ್ಕೆ ಖರ್ಚು ಒಂದೇ.

ಅದೇ ಯೋಚನೆ ಈಗ ಡಿ2ಎಂ, ಅಂದರೆ ಡೈರೆಕ್ಟ್ ಟು ಮೊಬೈಲ್ ಹೆಸರಲ್ಲಿ ಮತ್ತೆ ಬಂದಿದೆ. ಟಿವಿ ಗೋಪುರದಿಂದ ನೇರವಾಗಿ ಫೋನಿಗೆ ವಿಡಿಯೊ. ಡೇಟಾ ಪ್ಯಾಕ್ ಬೇಡ, ಎಷ್ಟು ಜನ ನೋಡಿದರೂ ಭಾರ ಹೆಚ್ಚಲ್ಲ. ಬೆಂಗಳೂರಿನದೇ ಕಂಪನಿ ಸಾಂಖ್ಯ ಲ್ಯಾಬ್ಸ್ ಇದರ ಚಿಪ್ ತಯಾರಿಸಿತು. ಪ್ರಸಾರ ಭಾರತಿ, ಐಐಟಿ ಕಾನ್ಪುರ ಜೊತೆ ಸೇರಿದ ಈ ತಂತ್ರಜ್ಞಾನದ ಪ್ರಾಯೋಗಿಕ ಪ್ರಸಾರ ಬೆಂಗಳೂರು, ದೆಹಲಿ, ನೋಯ್ಡಾದಲ್ಲಿ ನಡೆದಿದೆ. ಫೋನಿನಲ್ಲಿ ಅದಕ್ಕೆ ಬೇಕಾದ ಚಿಪ್ ಇರಬೇಕು ಅನ್ನೋದೇ ದೊಡ್ಡ ತೊಡಕು. ಮಳೆ ಮುನ್ಸೂಚನೆ, ಕೀಟದ ಎಚ್ಚರಿಕೆ, ಮಾರುಕಟ್ಟೆ ದರದಂಥ ಎಲ್ಲರಿಗೂ ಒಂದೇ ಆಗಿರುವ ಮಾಹಿತಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಕೊನೆಯ ದಾರಿಗೆ ಶಾಶ್ವತ ಪರಿಹಾರ ಫೈಬರ್. 2011ರಲ್ಲಿ ಶುರುವಾದ ಗ್ರಾಮ ಪಂಚಾಯತಿ ಫೈಬರ್ ಯೋಜನೆಯೇ ಮುಂದೆ ಭಾರತ್‌ನೆಟ್ ಆಯಿತು. ಅದರ ಮುಂದಿನ ಹಂತಕ್ಕೆ ಕೇಂದ್ರ ಸಂಪುಟ 2023ರಲ್ಲಿ 1.39 ಲಕ್ಷ ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ನಿಮ್ಮ ಪಂಚಾಯತಿಗೆ ಎಳೆ ಬಂದಿದೆಯಾ, ಬಂದದ್ದು ಕೆಲಸ ಮಾಡ್ತಿದೆಯಾ ಅಂತ ಗ್ರಾಮಸಭೆಯಲ್ಲಿ ಕೇಳಿ. ಕೇಳುವ ಹಕ್ಕು ನಿಮಗಿದೆ.

ನೀವು ಮಾಡಬಹುದಾದ ಏಳು ಕೆಲಸ

1. ವೈಫೈ ಇರುವಾಗಲೇ ತುಂಬಿಸಿಕೊಳ್ಳಿ. ಊರಿಗೆ ಹೊರಡುವ ಹಿಂದಿನ ರಾತ್ರಿ ರೂಮಿನಲ್ಲಿ ಯೂಟ್ಯೂಬ್‌ನ ಡೌನ್‌ಲೋಡ್ ಬಟನ್ ಒತ್ತಿ. ಈ ಸೌಲಭ್ಯ ಭಾರತದಲ್ಲಿ 2014ರಿಂದ ಇದೆ. ಎಲ್ಲ ವಿಡಿಯೊಗೂ ಬಟನ್ ಇರಲ್ಲ, ಇದ್ದದ್ದನ್ನೂ ಆಗಾಗ ನೆಟ್‌ಗೆ ಸೇರಿಸಬೇಕಾಗುತ್ತೆ. ಆದರೂ ತೋಟದಲ್ಲಿ ಚಕ್ರ ನೋಡೋದಕ್ಕಿಂತ ವಾಸಿ.

2. ಮೊಬೈಲ್ ಡೇಟಾದಲ್ಲಿ 360 ಪಿ ಸಾಕು. ಹತ್ತು ನಿಮಿಷಕ್ಕೆ 375 ಎಂಬಿ ಬದಲು ಸುಮಾರು 50 ಎಂಬಿಯಲ್ಲಿ ಮುಗಿಯುತ್ತೆ. ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಸೇವರ್ ಹಾಕಿಡಿ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ದೊಡ್ಡ ವಿಡಿಯೊ ಕಂಪನಿಗಳೇ ಮೊಬೈಲ್ ಮೇಲಿನ ಸ್ಪಷ್ಟತೆಯನ್ನು 480 ಪಿಗೆ ಇಳಿಸಿ ಜಾಲ ಉಳಿಸಿದ್ದವು.

3. ವಾಟ್ಸಾಪ್‌ನ ಆಟೊ ಡೌನ್‌ಲೋಡ್ ಆಫ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂಡ್ ಡೇಟಾ ಒಳಗಿದೆ. ಗುಡ್ ಮಾರ್ನಿಂಗ್ ವಿಡಿಯೊಗೆ ನಿಮ್ಮ ದಿನದ ಡೇಟಾ ಕೊಡಬೇಡಿ.

4. ರೋಗ ತೋರಿಸೋಕೆ ವಿಡಿಯೊ ಬೇಡ. ಎಲೆಯ ಮೇಲ್ಭಾಗ, ಕೆಳಭಾಗ, ಇಡೀ ಗಿಡ ಹೀಗೆ ಬೆಳಕಿನಲ್ಲಿ ತೆಗೆದ ಮೂರು ಫೋಟೊ ಕಳಿಸಿ. ಕೃಷಿ ವಿಜ್ಞಾನ ಕೇಂದ್ರದವರಿಗೆ ಅಲುಗಾಡುವ ವಿಡಿಯೊಗಿಂತ ಅದೇ ಉಪಯೋಗ.

5. ತಡೆ ಎಲ್ಲಿದೆ ಅಂತ ಪರೀಕ್ಷೆ ಮಾಡಿ. ಫಾಸ್ಟ್ ಡಾಟ್ ಕಾಮ್ ತೆರೆದರೆ ನೆಟ್‌ಫ್ಲಿಕ್ಸ್ ಸರ್ವರ್‌ವರೆಗಿನ ವೇಗ ತೋರಿಸುತ್ತೆ. ಬೆಳಗಿನ ಜಾವ ಒಮ್ಮೆ, ರಾತ್ರಿ 9ಕ್ಕೆ ಒಮ್ಮೆ ನೋಡಿ ಬರೆದಿಡಿ. ಬೆಳಿಗ್ಗೆ ಚೆನ್ನಾಗಿದ್ದು ರಾತ್ರಿ ಕುಸಿದರೆ ಟವರ್ ಅಥವಾ ಲೈನಿನ ಮೇಲೆ ಜನ ಹೆಚ್ಚಾಗಿದ್ದಾರೆ ಅಂತ ಅರ್ಥ. ಎರಡೂ ಹೊತ್ತು ಕಡಿಮೆ ಇದ್ದರೆ ನಿಮ್ಮ ಸಿಗ್ನಲ್ ಸಮಸ್ಯೆ. ಇಲ್ಲಿ ಚೆನ್ನಾಗಿದ್ದು ಒಂದು ವೆಬ್‌ಸೈಟ್ ಮಾತ್ರ ನಿಧಾನ ಆದರೆ ತಡೆ ಆಚೆ ಕಡೆ ಇದೆ. ದೂರು ಕೊಡುವಾಗ ಈ ಅಂಕಿ ಕೈಯಲ್ಲಿದ್ದರೆ "ಫೋನ್ ಆಫ್ ಮಾಡಿ ಆನ್ ಮಾಡಿ" ಅನ್ನುವ ಉತ್ತರಕ್ಕೆ ಎದುರು ಮಾತಾಡಬಹುದು.

6. ನೀವೇ ಕೃಷಿ ವಿಡಿಯೊ ಮಾಡುವವರಾದರೆ ಮೂರರಿಂದ ಐದು ನಿಮಿಷಕ್ಕೆ ಮುಗಿಸಿ. ಮೊದಲ ಒಂದು ನಿಮಿಷದ ನಮಸ್ಕಾರ, ಸಂಗೀತ ಬಿಟ್ಟುಬಿಡಿ, ಅದು ನೋಡುವವರ ಡೇಟಾ. ಔಷಧದ ಪ್ರಮಾಣವನ್ನು ವಿಡಿಯೊ ಕೆಳಗೆ ಅಕ್ಷರದಲ್ಲೂ ಬರೆಯಿರಿ. ವಿಡಿಯೊ ಓಡದಿದ್ದರೂ ಓದಿಕೊಳ್ತಾರೆ.

7. ಊರಿಗೊಂದು ದಾಸ್ತಾನು ಮಾಡಿ. ನಿಮ್ಮ ಗ್ರಾಮ ಪಂಚಾಯತಿ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ, ನಿಮ್ಮ ಭಾಗದ ರೈತರೇ ತೆಗೆದ ಅಥವಾ ಕೃಷಿ ವಿಜ್ಞಾನ ಕೇಂದ್ರದವರು ಅನುಮತಿ ಕೊಟ್ಟ ವಿಡಿಯೊಗಳನ್ನು ಬೆಳೆವಾರು ಫೋಲ್ಡರ್ ಮಾಡಿ ಹಾಕಿಸಿ. ಅಲ್ಲಿಂದ ಪೆನ್‌ಡ್ರೈವ್ ಅಥವಾ ಕ್ವಿಕ್ ಶೇರ್‌ನಲ್ಲಿ ಫೋನಿನಿಂದ ಫೋನಿಗೆ ಹೋಗುತ್ತೆ, ಒಂದು ಎಂಬಿ ಡೇಟಾನೂ ಖರ್ಚಾಗಲ್ಲ. ಹತ್ತಿರದವರು ಹತ್ತಿರದವರಿಗೆ ಕೊಡುವ ಈ ಸೌಲಭ್ಯ ಒಂದು ಕಾಲದಲ್ಲಿ ಯೂಟ್ಯೂಬ್ ಗೋ ಆ್ಯಪ್‌ನಲ್ಲೇ ಇತ್ತು, 2022ರಲ್ಲಿ ಅದನ್ನು ಮುಚ್ಚಿದರು. ನಮ್ಮ ಫೋಲ್ಡರ್ ಅನ್ನು ಯಾರೂ ಮುಚ್ಚೋಕಾಗಲ್ಲ.

ಮುಂಗಾರು ಬಿತ್ತನೆ ಶುರುವಾದಮೇಲೆ ಇದಕ್ಕೆಲ್ಲ ಪುರುಸೊತ್ತು ಸಿಗೋದಿಲ್ಲ. ಈ ಶನಿವಾರ ಊರಿಗೆ ಹೋಗುವವರು ಶುಕ್ರವಾರ ರಾತ್ರಿಯೇ ನಿಮ್ಮ ಬೆಳೆಗೆ ಬೇಕಾದ ಐದು ವಿಡಿಯೊ ಆರಿಸಿ ಇಳಿಸಿಕೊಳ್ಳಿ. ಫೋನಿನಲ್ಲಿ ಜಾಗ ಇಲ್ಲ ಅಂದರೆ ಹಳೆಯ ಫಾರ್ವರ್ಡ್‌ಗಳನ್ನು ಅಳಿಸಿದರೆ ಸಾಕು, ಐದಲ್ಲ ಐವತ್ತಕ್ಕೆ ಜಾಗ ಆಗುತ್ತೆ.